ಓದೋ ಮಗಳ ಬಲ್ಬು ಆರಿಸಬೇಡಿ, ಗೀಸರ್ ಕಡೆ ನೋಡಿ



ಮನೇಲಿ ಕರೆಂಟ್ ಉಳಿಸೋದು ಹೇಗೆ ಅಂತ ಒಂದು ಫಾರ್ವರ್ಡ್ ಮೂರು ದಿನದಿಂದ ಎಲ್ಲಾ ಗ್ರೂಪಲ್ಲೂ ಓಡಾಡ್ತಿದೆ. ಲೈಟ್ ಆರಿಸಿ, ಫ್ಯಾನ್ ಆರಿಸಿ, ಕಿಟಕಿ ತೆಗೆದಿಡಿ, ಎಸಿ 24ಕ್ಕೆ ಇಡಿ ಅನ್ನೋ ಸೂತ್ರಗಳು. ಅದರಲ್ಲಿ ತಪ್ಪೇನಿಲ್ಲ. ತಪ್ಪಿರೋದು ಕೊನೇ ಸಾಲಲ್ಲಿ. ಪುಕ್ಕಟೆ ಕರೆಂಟ್ ಬಂದ ಮೇಲೆ ಬಡವರ ಮನೇಲಿ ಹಗಲೂ ರಾತ್ರಿ ಲೈಟ್ ಉರೀತಾವಂತೆ, ಈ ಪಾಠ ಮೊದಲು ಅವರಿಗೆ ಹೇಳಬೇಕಂತೆ. ನಮ್ಮವರೇ ಕೆಲವರು ಇದಕ್ಕೆ ಕೈಮುಗಿಯೋ ಚಿತ್ರ ಹಾಕಿ ಮುಂದಕ್ಕೆ ತಳ್ಳಿದ್ದಾರೆ. ಅದಕ್ಕೇ ಈ ಉದ್ದದ ಪೋಸ್ಟ್. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಮೊದಲು ಲೆಕ್ಕ. ಲೆಕ್ಕ ಗೊತ್ತಿಲ್ಲದವರಿಗೆ ಯಾರು ಬೇಕಾದ್ರೂ ಬಂದು ಪಾಠ ಹೇಳ್ತಾರೆ. ಸಾವಿರ ವ್ಯಾಟಿನ ಸಾಮಾನು ಒಂದು ಗಂಟೆ ಓಡಿದ್ರೆ ಒಂದು ಯೂನಿಟ್. ಗುಟ್ಟು ಇಷ್ಟೇ. 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ ತಿನ್ನಬೇಕಾದ್ರೆ 111 ಗಂಟೆ ಉರೀಬೇಕು. ಎಸ್ಸೆಸ್ಸೆಲ್ಸಿ ಓದೋ ಹುಡುಗಿ ದಿನಾ 4 ಗಂಟೆ ಆ ಬಲ್ಬಿನ ಕೆಳಗೆ ಕೂತು ಓದಿದ್ರೆ ಇಡೀ ತಿಂಗಳಿಗೆ ಆಗೋದು 1.08 ಯೂನಿಟ್. ಈಗ ಆ ಕಡೆ ನೋಡಿ. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಕಾದ್ರೆ ಒಂದು ಯೂನಿಟ್. ಸಾಹೇಬರ ಒಂದು ಬೆಳಗಿನ ಸ್ನಾನಕ್ಕೆ ಹೋಗೋ ಕರೆಂಟು, ನಮ್ಮ ಹುಡುಗಿಯ ಒಂದು ತಿಂಗಳ ಓದಿಗೆ ಹೋಗೋ ಕರೆಂಟು, ಹೆಚ್ಚುಕಮ್ಮಿ ಒಂದೇ. ಒಂದೂವರೆ ಟನ್ನಿನ ಎಸಿ ರಾತ್ರಿಯೆಲ್ಲಾ ಓಡಿದ್ರೆ ಏಳೆಂಟು ಯೂನಿಟ್ ಮಾಯ. ಅದು ಅವಳ ಒಂದು ಶಾಲಾ ವರ್ಷದ ಬಹುಪಾಲು.

ಆದ್ರೂ ಮನೆಯಲ್ಲಿ ಬಿಲ್ ಸ್ವಲ್ಪ ಜಾಸ್ತಿ ಬಂತು ಅಂದ್ರೆ ಮೊದಲು ಆರೋದು ಯಾವುದು? ಆ ಬಲ್ಬೇ. ಕೇರಿ ಕೇರಿ ತಿರುಗುವಾಗ ಎಷ್ಟು ಮನೇಲಿ ಇದನ್ನ ನೋಡಿದ್ದೀನೋ. ಟಿವಿ ನಡೀತಿರುತ್ತೆ, ಅದರ ಬಗ್ಗೆ ಯಾರೂ ಮಾತಾಡಲ್ಲ. ಹತ್ತು ಗಂಟೆ ಆಯ್ತು, ಸಾಕು ಮಲಕ್ಕೋ, ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾನಾ ಅಂತ ಮಗಳ ಮೇಲೆ ರೇಗೋದು. ಅಪ್ಪನೇ ಕಟ್ಟೋದು, ಅದು ಬೇರೆ ಮಾತು. ಅಣ್ಣಂದಿರೇ, ಅಕ್ಕಂದಿರೇ, ಕೈಮುಗಿದು ಕೇಳ್ತೀನಿ, ಏನಾದ್ರೂ ಆರಿಸಿ, ಅದೊಂದನ್ನ ಆರಿಸಬೇಡಿ.

ಇನ್ನು ಪುಕ್ಕಟೆ ಕರೆಂಟಿನ ಕಥೆ. ಗೃಹಜ್ಯೋತಿ ಅಂದ್ರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ತಿಳ್ಕೊಂಡೋರೇ ಜಾಸ್ತಿ. ಹಾಗಿಲ್ಲ ಸ್ವಾಮಿ. 2022-23ರಲ್ಲಿ ನಿಮ್ಮ ಮನೇಲಿ ತಿಂಗಳಿಗೆ ಸರಾಸರಿ ಎಷ್ಟು ಉರಿದಿತ್ತೋ ಅಷ್ಟು, ಅದರ ಮೇಲೆ ಶೇ. 10. ಅಷ್ಟಕ್ಕೆ ಮಾತ್ರ ಸೊನ್ನೆ ಬಿಲ್. ಅದು ದಾಟಿದ್ರೆ ಹೆಚ್ಚಾದ ಯೂನಿಟ್ಟಿಗೆ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್. ಈ ಲೆಕ್ಕವನ್ನ ಕೇರಿಗೆ ತಂದು ಹಚ್ಚಿ ನೋಡಿ. ಫ್ರಿಜ್ ಇಲ್ಲ, ಮಿಕ್ಸಿ ಇಲ್ಲ, ಎರಡು ಬಲ್ಬು, ಒಂದು ಫ್ಯಾನು, ತಿಂಗಳಿಗೆ 30 ಯೂನಿಟ್ ಉರಿಸಿದ ಮನೆಗೆ ಸಿಕ್ಕಿದ್ದು 33. ಗೀಸರ್, ಫ್ರಿಜ್, ವಾಷಿಂಗ್ ಮಿಷನ್ ಇಟ್ಟುಕೊಂಡು 180 ಉರಿಸಿದ ಮನೆಗೆ ಸಿಕ್ಕಿದ್ದು 198. ಕಮ್ಮಿ ಉರಿಸಿದವನಿಗೆ ಕಮ್ಮಿ ಭಾಗ್ಯ, ಜಾಸ್ತಿ ಉರಿಸಿದವನಿಗೆ ಜಾಸ್ತಿ ಭಾಗ್ಯ. ಹೊಸ ಮನೆಗೆ, ಹಿಂದಿನ ವರ್ಷದ ದಾಖಲೆ ಇಲ್ಲ ಅಂತ, ರಾಜ್ಯದ ಸರಾಸರಿ 53 ಹಿಡಿದು 58 ಯೂನಿಟ್ ಕೊಟ್ರು. ನಿನ್ನೆ ಮೊನ್ನೆ ಬಂದ ಮನೆಗೆ 58, ನಲವತ್ತು ವರ್ಷದಿಂದ ಕೇರಿಯಲ್ಲಿರೋ ಮನೆಗೆ 33! 2024ರ ಜನವರಿಯಲ್ಲಿ ಸಂಪುಟ ಕೂತು, 48 ಯೂನಿಟ್ಟಿಗಿಂತ ಕಮ್ಮಿ ಇರೋರಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚಿಗೆ ಅಂತ ತಿದ್ದಿದ್ರು. ಅಂದ್ರೆ 33 ಇದ್ದದ್ದು 40 ಆಯ್ತು. ತಿದ್ದಿದ್ದಕ್ಕೆ ಸಂತೋಷ. ಆದ್ರೆ 40ಕ್ಕೂ 198ಕ್ಕೂ ಎಷ್ಟು ದೂರ ಅಂತ ಒಂದನೇ ಕ್ಲಾಸಿನ ಮಗು ಹೇಳುತ್ತೆ.

ಈ ಮಾತನ್ನ ಗಟ್ಟಿಯಾಗಿ ಹೇಳೋದು ಯಾಕಂದ್ರೆ, ಇದರ ದುಡ್ಡಲ್ಲಿ ನಮ್ಮ ದುಡ್ಡೂ ಇದೆ. 2013ರಲ್ಲಿ ಹೋರಾಟ ಮಾಡಿ ಪಡೆದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಹಣದಿಂದ 2023-24ರಲ್ಲಿ 11,000 ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ ಹೋಯ್ತು. ಫಲಾನುಭವಿಗಳಲ್ಲಿ ನಿಮ್ಮವರೂ ಇದ್ದಾರಲ್ಲ ಅನ್ನೋದು ಸರ್ಕಾರದ ಸಮಜಾಯಿಷಿ. ಇದ್ದೀವಿ, 40 ಯೂನಿಟ್ಟಿನ ಲೆಕ್ಕದಲ್ಲಿ ಇದ್ದೀವಿ. ಊರಿನವರ ಫ್ರೀ ಕರೆಂಟಿಗೆ ಊರಿನ ಖಜಾನೆ, ನಮ್ಮ ಫ್ರೀ ಕರೆಂಟಿಗೆ ನಮ್ಮದೇ ಉಪಯೋಜನೆ. ಹಾಗಾದ್ರೆ ಇದರಲ್ಲಿ ಪುಕ್ಕಟೆ ಎಲ್ಲಿ ಬಂತು? ಯಾರಾದ್ರೂ ಪುಕ್ಕಟೆ ಅಂದ್ರೆ ಇದನ್ನ ಕೇಳಿ.

ಈಗ ಕಿಟಕಿಯ ವಿಚಾರಕ್ಕೆ ಬರೋಣ. ಫಾರ್ವರ್ಡಲ್ಲಿ ಎರಡನೇ ಸೂತ್ರ ಅದೇ, ಹಗಲಲ್ಲಿ ಕಿಟಕಿ ತೆಗೆದಿಟ್ಟರೆ ಲೈಟೂ ಬೇಡ, ಫ್ಯಾನೂ ಬೇಡ. ಒಳ್ಳೇ ಮಾತೇ. ಕಿಟಕಿ ತೋರಿಸಿ. ನಮ್ಮ ಎಷ್ಟೋ ಮನೆಗಳಿಗೆ ಒಂದು ಬಾಗಿಲು, ಒಂದು ಸಣ್ಣ ಗೂಡು. ಪಕ್ಕದ ಮನೆ ಗೋಡೆ ಒಂದು ಮೊಳ ದೂರ. ಮೇಲೆ ಶೀಟು. ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಕೂತವರಿಗೆ ಗೊತ್ತು, ಫ್ಯಾನ್ ಹಾಕಿದ್ರೆ ಬರೋದು ಬಿಸಿಗಾಳಿ, ಆರಿಸಿದ್ರೆ ಉಸಿರು ಕಟ್ಟುತ್ತೆ. ಹಾಗಾಗಿ ನಮ್ಮ ಮನೇಲಿ ಫ್ಯಾನ್ ಹಗಲೂ ರಾತ್ರಿ ತಿರುಗುತ್ತೆ. ಅದನ್ನ ನೋಡಿ ದುಂದು ಅಂತಾರೆ. ಊರಿನ ಹಳೇ ಮನೆಗಳ ತೊಟ್ಟಿ, ಜಗಲಿ, ದಪ್ಪ ಗೋಡೆ, ಹಿತ್ತಲ ಮರ, ಇವೆಲ್ಲಾ ಜಾಗ ಇದ್ದವರ ತಂಪು. ಜಾಗ ಯಾರಿಗೆ ಎಷ್ಟು ಅಂತ ಈ ನೆಲದಲ್ಲಿ ಯಾವುದರ ಮೇಲೆ ಹಂಚಿಕೆ ಆಯ್ತು ಅಂತ ನಾನು ಬಿಡಿಸಿ ಹೇಳಬೇಕಾ?

ಆದ್ರೂ ಶೀಟಿಗೆ ಒಂದು ಉಪಾಯ ಇದೆ. ಬೇಸಿಗೆ ಶುರುವಾಗೋ ಮುಂಚೆ ಶೀಟಿನ ಮೇಲೆ ಬಿಳೀ ಸುಣ್ಣ ಹೊಡೀರಿ. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿದ್ರೆ ಬೇಗ ಉದುರಲ್ಲ. ಬಿಳಿ ಬಣ್ಣ ಬಿಸಿಲನ್ನ ವಾಪಸ್ ಎಸೆಯುತ್ತೆ, ಒಳಗೆ ಕಾವು ಕಮ್ಮಿ ಆಗುತ್ತೆ, ಸಂಜೆ ಹೊತ್ತಿಗೆ ವ್ಯತ್ಯಾಸ ಮೈಗೇ ಗೊತ್ತಾಗುತ್ತೆ. ಆಸ್ಬೆಸ್ಟಾಸ್ ಶೀಟಾದ್ರೆ ಮಾತ್ರ ಉಜ್ಜಿ ಕೆರೆಯೋದು, ಒಡೆಯೋದು, ಕೊರೆಯೋದು ಮಾಡಬೇಡಿ, ಅದರ ಧೂಳು ಎದೆಗೆ ಕೆಟ್ಟದ್ದು. ಶೀಟಿನ ಮೇಲೆ ಕಾಲಿಡೋದೂ ಅಪಾಯ, ಏಣಿ ಮೇಲೆ ನಿಂತು ಉದ್ದ ಕೋಲಿಗೆ ಬ್ರಷ್ ಕಟ್ಟಿ ಬಳೀರಿ. ಯುವಕರ ಸಂಘ ಇರೋ ಕಡೆ ಒಂದು ಭಾನುವಾರ ಕೂಡಿದ್ರೆ ಒಂದು ಸಾಲು ಮನೆ ಮುಗೀತಾವೆ. ಏಪ್ರಿಲ್ 14ರ ಬ್ಯಾನರ್ ಖರ್ಚಲ್ಲಿ ಒಂದು ಪಾಲು ಇದಕ್ಕೆ ತೆಗೆದಿಟ್ಟರೆ ಬಾಬಾಸಾಹೇಬರು ಬೇಜಾರು ಮಾಡ್ಕೊಳಲ್ಲ.

ಫ್ಯಾನಿಗೂ ಲೆಕ್ಕ ಇದೆ. ಹಳೇ ಫ್ಯಾನ್ 75 ವ್ಯಾಟ್. ದಿನಕ್ಕೆ 12 ಗಂಟೆ ತಿರುಗಿದ್ರೆ ತಿಂಗಳಿಗೆ 27 ಯೂನಿಟ್. 40 ಯೂನಿಟ್ ಇರೋ ಮನೇಲಿ ಮುಕ್ಕಾಲು ಪಾಲಿಗೆ ಹತ್ತಿರ ಅದೊಂದೇ ನುಂಗುತ್ತೆ. ಈಗ ಬರೋ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು, ಅಷ್ಟೇ ಹೊತ್ತಿಗೆ 11 ಯೂನಿಟ್ಟೂ ಆಗಲ್ಲ. ಆದ್ರೆ ಅದರ ಬೆಲೆ ಕೂಲಿಯವರಿಗೆ ಒಂದು ವಾರದ ದುಡಿಮೆ. ಉಳಿತಾಯ ಮಾಡೋಕೂ ಮೊದಲು ಕೈಯಲ್ಲಿ ದುಡ್ಡಿರಬೇಕು ಅನ್ನೋದು ಯಾವ ಫಾರ್ವರ್ಡಲ್ಲೂ ಬರಲ್ಲ. 2015ರಿಂದ ಉಜಾಲಾ ಅಂತ ಎಲ್‌ಇಡಿ ಬಲ್ಬನ್ನ ಅಗ್ಗದ ಬೆಲೆಗೆ ಮನೆಮನೆಗೆ ಮುಟ್ಟಿಸಿದ್ರಲ್ಲ, ಹಾಗೇ ಉಪಯೋಜನೆ ಹಣದಲ್ಲಿ ಪ್ರತೀ ಶೀಟು ಮನೆಗೆ ಒಂದು ಒಳ್ಳೇ ಫ್ಯಾನ್ ಕೊಡಿ ಅಂತ ನಾವು ಕೇಳಬೇಕು. ಅಲ್ಲೀವರೆಗೆ ಒಂದು ಕೆಲಸ: ಡಬ್ಬಿಯಂಥ ಹಳೇ ದಪ್ಪ ರೆಗ್ಯುಲೇಟರ್ ಇದ್ರೆ ತೆಗೆಸಿ. ಅದು ಸ್ಪೀಡ್ ಕಮ್ಮಿ ಮಾಡಿದ್ರೂ ಒಂದಷ್ಟು ಕರೆಂಟನ್ನ ಸುಮ್ನೆ ಬಿಸಿ ಮಾಡಿ ಕಳೆಯುತ್ತೆ. ಎಲೆಕ್ಟ್ರಾನಿಕ್ ರೆಗ್ಯುಲೇಟರಲ್ಲಿ ಸ್ಪೀಡ್ ಇಳಿಸಿದ್ರೆ ಕರೆಂಟೂ ಇಳಿಯುತ್ತೆ.

ಟಿವಿ ವಿಷಯ ಬಿಟ್ಟೆ ಅನ್ಕೊಂಡ್ರಾ? ರಿಮೋಟಲ್ಲಿ ಆಫ್ ಮಾಡಿದ್ರೆ ಅದು ಆಫ್ ಆಗಲ್ಲ. ಕೆಳಗಿರೋ ಸೆಟ್‌ಟಾಪ್ ಬಾಕ್ಸ್ ಬಿಸಿ ಇರುತ್ತೆ, ಮುಟ್ಟಿ ನೋಡಿ. ಅದು 10 ವ್ಯಾಟ್ ಎಳೀತಾ ದಿನಕ್ಕೆ 20 ಗಂಟೆ ಸುಮ್ನೆ ಕೂತ್ರೆ ತಿಂಗಳಿಗೆ 6 ಯೂನಿಟ್. ಹುಡುಗಿಯ ಐದು ತಿಂಗಳ ಓದು ಅದು! ಗೋಡೆ ಸ್ವಿಚ್ಚಲ್ಲೇ ಆರಿಸಿ, ಮುಗೀತು. ಮಕ್ಕಳಿಗೆ ಮೊಬೈಲ್ ಚಾರ್ಜರ್ ವಿಷಯಕ್ಕೆ ಬೈಯೋದು ನಿಲ್ಲಿಸಿ, ದಿನಾ ಒಂದು ಸಲ ಪೂರ್ತಿ ಚಾರ್ಜ್ ಮಾಡಿದ್ರೂ ತಿಂಗಳಿಗೆ ಅರ್ಧ ಯೂನಿಟ್ ಆಗುತ್ತೆ. ಬೈಯೋಕೆ ಬೇರೆ ಕಾರಣ ಹುಡುಕಿ. ಹಳೇ ದಪ್ಪ ಚೋಕಿನ ಟ್ಯೂಬ್‌ಲೈಟ್ 50 ವ್ಯಾಟ್ ದಾಟುತ್ತೆ, ಎಲ್‌ಇಡಿ ಟ್ಯೂಬ್ 20ಕ್ಕೇ ಅಷ್ಟು ಬೆಳಕು ಕೊಡುತ್ತೆ.

ಅಡುಗೆಮನೆಯಲ್ಲಿ ನಾನು ನಮ್ಮ ಹೆಣ್ಮಕ್ಕಳಿಗೆ ಪಾಠ ಹೇಳೋಕೆ ಹೋಗಲ್ಲ, ಅವರು ಕಲಿಸಬೇಕು ಈ ಜಗತ್ತಿಗೆ. ಹುರುಳಿ, ಅಲಸಂದೆ ರಾತ್ರಿನೇ ನೆನೆಹಾಕೋದು, ಪಾತ್ರೆಗೆ ಮುಚ್ಚಳ ಮುಚ್ಚೋದು, ಕುದಿ ಬಂದ ಮೇಲೆ ಉರಿ ಸಣ್ಣ ಮಾಡೋದು, ಒಲೆ ಆರಿದ ಮೇಲೂ ಕೆಂಡದ ಮೇಲೆ ನೀರಿಟ್ಟು ಬಿಸಿ ಮಾಡಿಕೊಳ್ಳೋದು. ಸೌದೆಯನ್ನ ತಲೆ ಮೇಲೆ ಹೊತ್ತು ತಂದೋಳಿಗೆ ಒಂದೊಂದು ಕಡ್ಡಿಯ ತೂಕವೂ ಗೊತ್ತಿರುತ್ತೆ. ದನದ ಬಾಡು ಬೇಯೋಕೆ ಹೊತ್ತು ಹಿಡಿಯುತ್ತೆ ಅಂತ ಒಂದು ಚೂರು ಪರಂಗಿ ಕಾಯಿ ಹಾಕಿ ಕುಕ್ಕರಲ್ಲಿ ಕೂಗಿಸೋದೂ ಇಂಧನ ಉಳಿತಾಯವೇ. ಫಾರ್ವರ್ಡಲ್ಲಿ ಬರೀ ತೊಗರಿಬೇಳೆ ಇದೆ, ಅವರ ಜಗತ್ತಲ್ಲಿ ಬೇರೇನೂ ಬೇಯಲ್ಲ. ಸಿಲಿಂಡರ್ ತುಂಬಿಸೋಕೆ ದುಡ್ಡಿಲ್ಲದೆ ಮತ್ತೆ ಸೌದೆಗೆ ಇಳಿದ ಮನೆಗಳಲ್ಲಿ ಮೂರು ಕಲ್ಲಿನ ಒಲೆ ಬಿಟ್ಟು ಹೊಗೆಗೂಡು ಇರೋ ಒಲೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ಹಳ್ಳಿಗಳಲ್ಲಿ ಅನೇಕರಿಗೆ ಗೊತ್ತು. ಸೌದೆ ಕಮ್ಮಿ ಸುಡುತ್ತೆ, ಹೊಗೆ ಆಚೆ ಹೋಗುತ್ತೆ, ಅವ್ವನ ಕಣ್ಣೂ ಶ್ವಾಸವೂ ಉಳೀತಾವೆ.

ಇನ್ನೊಂದು ಜಾತಿಯ ಮಾತಿದೆ, ಅಜ್ಜನ ಕಾಲದ ಬುಡ್ಡಿ ದೀಪವೇ ಚೆನ್ನಾಗಿತ್ತು, ಸರಳ ಬದುಕು ಅನ್ನೋದು. ಮಾರ್ಚ್ ಕೊನೇ ಶನಿವಾರ ಎಂಟೂವರೆಯಿಂದ ಒಂಬತ್ತೂವರೆವರೆಗೆ ಲೈಟ್ ಆರಿಸಿ ಮೇಣದಬತ್ತಿ ಹಚ್ಚಿ ಫೋಟೋ ಹಾಕ್ತಾರಲ್ಲ ಅವರದ್ದು. ಕೇರಿಗೆ ಕಂಬ ಬಂದಿದ್ದೇ ಊರಿಗೆಲ್ಲಾ ಬಂದಾದ ಮೇಲೆ. ಬಂದಾಗಲೂ ಭಾಗ್ಯಜ್ಯೋತಿ ಅಂತ ಒಂದು ಬಲ್ಬು. ಕತ್ತಲಲ್ಲಿ ಬಯಲಿಗೆ ಹೋಗಬೇಕಾದ ಹೆಂಗಸರನ್ನ ಕೇಳಿ, ಆ ಸರಳ ಬದುಕು ಹೇಗಿತ್ತು ಅಂತ.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ವಿದ್ಯುತ್ತೂ ಅವರ ಕೈಲಿತ್ತು. 1943ರ ಅಕ್ಟೋಬರಲ್ಲಿ ವಿದ್ಯುತ್ ನೀತಿಯ ಸಮಿತಿ ಮುಂದೆ ಮಾತಾಡುತ್ತಾ, ಕರೆಂಟು ಅಗ್ಗವಾಗಿ, ಹೇರಳವಾಗಿ ಸಿಗದೆ ಈ ದೇಶದ ಬಡತನ ಬಿಡುಗಡೆ ಆಗಲ್ಲ ಅನ್ನೋ ಅರ್ಥದ ವಾದ ಇಟ್ಟರು. ಆ ದೃಷ್ಟಿಯಲ್ಲಿ ಕರೆಂಟು ಬಿಡುಗಡೆಯ ದಾರಿ. ನಮಗೆ ಇನ್ನೂ ಅದು ಹೇರಳವಾಗಿ ಸಿಕ್ಕೇ ಇಲ್ಲ, ಅಷ್ಟರಲ್ಲೇ ಉಳಿಸಿ ಅಂತಿದ್ದಾರೆ.

ಪರಿಸರ ಹಾಳಾಗ್ತಿದೆ ಅನ್ನೋರಿಗೆ ಒಂದು ಮಾತು. ಹೌದು, ಆಗ್ತಿದೆ. ಅದರ ಬೂದಿ ಯಾರ ಮನೆ ಮೇಲೆ ಬೀಳ್ತಿದೆ ಅಂತ ರಾಯಚೂರಿನ ಶಕ್ತಿನಗರದ ಸುತ್ತ ಹೋಗಿ ನೋಡಿ. ಸೋಲಾರ್ ಶುದ್ಧ ಅಂತೀರಿ. ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್, ಸುಮಾರು 13,000 ಎಕರೆ. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರುವಾಗಿ ಗುತ್ತಿಗೆ ಹಣ. ಅದೇ ಹೊಲದಲ್ಲಿ ಕಳೆ ಕೀಳ್ತಿದ್ದ, ಶೇಂಗಾ ಬಿಡಿಸ್ತಿದ್ದ, ಕುರಿ ಮೇಯಿಸ್ತಿದ್ದ ಭೂಮಿ ಇಲ್ಲದ ಜನಕ್ಕೆ ಗುತ್ತಿಗೆಯೂ ಇಲ್ಲ, ಹೊಲದ ಕೂಲಿಯೂ ಇಲ್ಲ. ಅವರಲ್ಲಿ ನಮ್ಮವರು ಎಷ್ಟು ಅಂತ ಪಾವಗಡದವರೇ ಕಾಮೆಂಟಲ್ಲಿ ಹೇಳಲಿ. ಅವರ ಹೊಟ್ಟೆ ಮೇಲೆ ತಯಾರಾದ ಕರೆಂಟಲ್ಲಿ ಬೆಂಗಳೂರಿನ ಗೀಸರ್ ಕಾಯುತ್ತೆ. ಬಾತ್‌ರೂಮು ತೊಳೆಯೋಕೆ ಹೋಗೋ ನಮ್ಮಕ್ಕ ದಿನಾ ಆ ಗೀಸರಿನ ಕೆಂಪು ದೀಪ ನೋಡ್ತಾಳೆ, ಆರಿಸಿಯೂ ಬರ್ತಾಳೆ. ಅವಳಿಗೆ ಫಾರ್ವರ್ಡ್ ಕಳಿಸಬೇಡಿ.

ಈ ವಾರ ಮಾಡಬೇಕಾದ್ದು: ನಿಮ್ಮ ಕೇರಿಯಲ್ಲಿ ಹತ್ತು ಮನೆಯ ಬಿಲ್ ತೆಗೆದು ನೋಡಿ, ಗೃಹಜ್ಯೋತಿಯ ಅರ್ಹ ಯೂನಿಟ್ ಎಷ್ಟು, ಉರಿದಿದ್ದು ಎಷ್ಟು, ಬರೆದುಕೊಳ್ಳಿ. ಆರ್‌ಆರ್ ನಂಬರ್ ಮುಚ್ಚಿ ಫೋಟೋ ತೆಗೆದು ನನಗೆ ಕಳಿಸಿ. ಸರಾಸರಿ ಲೆಕ್ಕ ಬಿಟ್ಟು ಬಡವರ ಮನೆಗೆ ಸಮನಾದ ಯೂನಿಟ್ ಕೊಡಿ ಅಂತ ಅರ್ಜಿ ಬರೀತಿದ್ದೀವಿ, ಅಂಕಿ ಇಲ್ಲದೆ ಹೋದ್ರೆ ಕಚೇರಿಯಲ್ಲಿ ಕುರ್ಚಿನೂ ಕೊಡಲ್ಲ. ಭಾನುವಾರದೊಳಗೆ ಕಳಿಸಿ.

ಜೈ ಭೀಮ್.