ಹುಡುಗಿಯ ಕೈಚೀಲವೂ ಹಿರಿಯರ ಮೌನವೂ

ಕಳೆದ ವರ್ಷ ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಆರಂಭಿಸುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಓದುವ ಬಾಲೆಯೊಬ್ಬಳು ಊಟದ ಪಂಕ್ತಿಯಲ್ಲಿ ಕುಳಿತಾಗ, ಎಲೆಯ ಪಕ್ಕದಲ್ಲಿಟ್ಟಿದ್ದ ನೀರಿನ ಬಾಟಲಿಯನ್ನು ಹಿಂದಕ್ಕೆ ಕೊಟ್ಟು, ತನ್ನ ಚೀಲದಿಂದ ಸ್ಟೀಲ್ ಲೋಟವೊಂದನ್ನು ತೆಗೆದಿಟ್ಟುಕೊಂಡಳು. ಬಡಿಸುತ್ತಿದ್ದವರು ನಕ್ಕರು. "ಏನಮ್ಮಾ, ನೀನೊಬ್ಬಳು ಬಾಟಲಿ ಬೇಡವೆಂದರೆ ಭೂಮಿ ಉಳಿದುಬಿಡುತ್ತದೆಯೇ?" ಎಂದರು ಹಿರಿಯರೊಬ್ಬರು. ಅದೇ ಹಿರಿಯರು ಸಂಜೆ ವೇದಿಕೆಯೇರಿ, ಪರಿಸರ ರಕ್ಷಣೆಯ ಹೊಣೆ ಇಂದಿನ ವಿದ್ಯಾರ್ಥಿಗಳ ಹೆಗಲ ಮೇಲಿದೆಯೆಂದು ಘೋಷಿಸಿದರು. ಮಧ್ಯಾಹ್ನ ಕೈಲಾಗದವಳೆಂದು ನಕ್ಕ ಮಗುವಿನ ಹೆಗಲಿಗೆ ಸಂಜೆ ಭೂಮಂಡಲವನ್ನೇ ಹೊರಿಸುವುದು ಯಾವ ನ್ಯಾಯ?

ಆಕೆ ನಮ್ಮ ನೆರೆಮನೆಯವಳು. ಆದ್ದರಿಂದ ಅವಳ ದಿನಚರಿಯನ್ನು ಬಲ್ಲೆ. ಮನೆಯಲ್ಲಿ ಕಾರಿದ್ದರೂ ಟೌನ್ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಾಳೆ. ಅಕ್ಕನ ಸಮವಸ್ತ್ರವನ್ನು ಬಿಗಿಮಾಡಿಸಿ ತೊಡುತ್ತಾಳೆ. ನೀರು ಶುದ್ಧಮಾಡುವ ಯಂತ್ರವು ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಪಾತ್ರೆ ತೊಳೆಯಲು ಇಡುತ್ತಾಳೆ. ಇಡ್ಲಿ ಅಂಗಡಿಗೆ ಹೋದರೆ ಸಾಂಬಾರಿಗೆಂದು ಮುಚ್ಚಳದ ಡಬ್ಬಿಯನ್ನು ಒಯ್ಯುತ್ತಾಳೆ, ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟುಕಟ್ಟಿಸಿ ತರುವುದಿಲ್ಲ. ಇವಾವುವೂ ಹೊಸ ಆವಿಷ್ಕಾರಗಳಲ್ಲ. ನಮ್ಮ ಅಜ್ಜಿಯರು ಬಡತನದಿಂದ ಮಾಡುತ್ತಿದ್ದುದನ್ನು ಈಕೆ ಅನುಕೂಲವಿದ್ದೂ ಮಾಡುತ್ತಾಳೆ. ಅಷ್ಟೇ ವ್ಯತ್ಯಾಸ, ಆದರೆ ಅದು ಸಣ್ಣ ವ್ಯತ್ಯಾಸವಲ್ಲ.

ಅವಳ ಕೈಯಲ್ಲಿರುವುದು ಮದುವೆಮನೆಯಲ್ಲಿ ತಾಂಬೂಲದೊಂದಿಗೆ ಕೊಡುವ ಹಳದಿ ಬಟ್ಟೆಚೀಲ, ನಮ್ಮೂರವರು ಮಂಜಪ್ಪೈ ಎನ್ನುವುದು. ಒಂದು ಕಾಲದಲ್ಲಿ ಅದನ್ನು ಹಿಡಿದು ಕೊಯಮತ್ತೂರಿನ ಬಸ್ ನಿಲ್ದಾಣದಲ್ಲಿ ಇಳಿದವನು ಹಳ್ಳಿಗನೆಂದು ನಗೆಗೀಡಾಗುತ್ತಿದ್ದ. ಬಿ.ಎಡ್. ಓದುವಾಗ ನಾನೂ ಅದನ್ನು ಮಡಿಸಿ ಪುಸ್ತಕಗಳ ನಡುವೆ ಬಚ್ಚಿಟ್ಟುಕೊಂಡವನೇ. ತಮಿಳುನಾಡು ಸರ್ಕಾರವು 2019ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ 14 ಬಗೆಯ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. 2021ರ ಡಿಸೆಂಬರಿನಲ್ಲಿ 'ಮೀಂಡುಂ ಮಂಜಪ್ಪೈ' ಎಂದು ಆಂದೋಲನವನ್ನೇ ಹೂಡಿ ಆ ಹಳದಿ ಚೀಲಕ್ಕೆ ಮರ್ಯಾದೆ ತಂದಿತು. ಆದರೂ ತರಕಾರಿ ಅಂಗಡಿಯಲ್ಲಿ ಕವರು ಇಂದಿಗೂ ಏಕೆ ಸಿಗುತ್ತದೆ? ಕೇಳುವವರು ನಾವಿರುವುದರಿಂದ. ಕಾನೂನು ಗೆಜೆಟ್ಟಿನಲ್ಲಿದ್ದರೆ ಸಾಲದು, ಅಂಗಡಿಯ ಮುಂದೆ ನಿಂತು 'ಬೇಡ' ಎನ್ನುವ ಬಾಯಿಯೂ ಬೇಕು. 'ನೀನೊಬ್ಬಳು ಏನು ಮಾಡುವೆ' ಎಂದ ಹಿರಿಯರಿಗೆ ನನ್ನ ಉತ್ತರವಿದು.

ಆದರೆ ಅವರ ಸಂಜೆಯ ಭಾಷಣ ನನ್ನನ್ನು ಹೆಚ್ಚು ನೋಯಿಸಿತು. ಏಕೆಂದರೆ ಅಂಥ ಭಾಷಣಗಳನ್ನು ನಾನೇ ಮಾಡಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನು ಕೆಲಸಮಾಡುತ್ತಿದ್ದ ಶಾಲೆ ತಿರುಪ್ಪೂರಿನ ಕೆಳಗೆ, ನೊಯ್ಯಲ್ ನದಿಗೆ ಹತ್ತಿರದಲ್ಲಿತ್ತು. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಪೇರೂರು ಪಟ್ಟೀಶ್ವರನ ಸನ್ನಿಧಿಯನ್ನು ಸೋಕಿ, ಕೊಯಮತ್ತೂರು ತಿರುಪ್ಪೂರುಗಳನ್ನು ದಾಟಿ, ಕರೂರು ಜಿಲ್ಲೆಯಲ್ಲಿ ನಮ್ಮ ಕೊಡಗಿನ ಕಾವೇರಿಯನ್ನು ಕೂಡುವ ನದಿಯದು. ಬಣ್ಣಹಾಕುವ ಕಾರ್ಖಾನೆಗಳ ನೀರು ಅದಕ್ಕೆ ಸೇರುತ್ತಿತ್ತು. ಆ ವಾರ ಯಾವ ಬಣ್ಣದ ಬನಿಯನ್ ತಯಾರಾಗುತ್ತಿದೆಯೆಂದು ಮಕ್ಕಳು ನದಿಯನ್ನು ನೋಡಿ ಹೇಳುತ್ತಿದ್ದರು. ಅಂಥ ಶಾಲೆಯಲ್ಲಿ ನಾನು 'ನೀರನ್ನು ಉಳಿಸೋಣ' ಎಂಬ ಪ್ರಬಂಧ ಸ್ಪರ್ಧೆ ಏರ್ಪಡಿಸಿದೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಬೇಕೆಂದು ಬರೆದ ಹುಡುಗನಿಗೆ ಮೊದಲ ಬಹುಮಾನ. ಬಹುಮಾನದ ಹಣ ಕೊಟ್ಟವರು ಅಂಥದೇ ಒಂದು ಕಾರ್ಖಾನೆಯ ಮಾಲೀಕರು. ಇನ್ನೊಬ್ಬ ಹುಡುಗ ನದಿಯ ಬಣ್ಣದ ಬಗ್ಗೆ ಬರೆದಿದ್ದ. ವಿಷಯಾಂತರವೆಂದು ಅಂಕ ಕಳೆದೆ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ಅವನ ಪ್ರಬಂಧವೇ ಚೆನ್ನಾಗಿತ್ತು.

ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಆದೇಶಿಸಿದ್ದು 1991ರಲ್ಲಿ. ಅದನ್ನು ನಾವು 'ನೀನು ನೀರನ್ನು ಹೇಗೆ ಉಳಿಸುವೆ?' ಎಂಬ ಐದು ಅಂಕದ ಪ್ರಶ್ನೆಯನ್ನಾಗಿ ಮಾಡಿದೆವು. 'ನೀರನ್ನು ಕೆಡಿಸಿದವರು ಯಾರು?' ಎಂಬುದು ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಬರಲಿಲ್ಲ. ಹೊರಜಗತ್ತಿನಲ್ಲಿಯೂ ಇದೇ ಜಾಣತನ. ಪ್ರತಿಯೊಬ್ಬನೂ ತನ್ನ 'ಇಂಗಾಲದ ಹೆಜ್ಜೆಗುರುತ'ನ್ನು ಲೆಕ್ಕ ಹಾಕಿಕೊಳ್ಳಬೇಕೆಂಬ ಮಾತನ್ನು ಈ ಶತಮಾನದ ಮೊದಲ ದಶಕದಲ್ಲಿ ಭಾರಿ ಜಾಹೀರಾತಿನಿಂದ ಮನೆಮಾತಾಗಿಸಿದ್ದು ಬಿ.ಪಿ. ಎಂಬ ತೈಲ ಕಂಪನಿ. ಎಣ್ಣೆ ಮಾರುವವನೇ ಕೊಳ್ಳುವವನಿಗೆ ಲೆಕ್ಕದ ಪುಸ್ತಕ ಹಂಚಿದ ಹಾಗೆ!

ನೊಯ್ಯಲಿನ ಕಥೆ ಮುಂದೇನಾಯಿತು? ನೀರಾವರಿಗೆಂದು 1992ರಲ್ಲಿ ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟೆಯಲ್ಲಿ ಬಣ್ಣದ ಕೊಳೆನೀರು ನಿಂತಿತು. ಅಣೆಕಟ್ಟೆಯ ನೀರು ತಮಗೆ ಬೇಡವೆಂದು ರೈತರೇ ಕೇಳಿಕೊಳ್ಳುವ ಕಾಲ ಬಂತು. ಅವರು ನ್ಯಾಯಾಲಯದ ಮೆಟ್ಟಿಲೇರಿ ವರ್ಷಗಟ್ಟಲೆ ಹೋರಾಡಿದ ಮೇಲೆ, 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಆಜ್ಞಾಪಿಸಿತು. ಕೊಳೆನೀರನ್ನು ಹನಿಯೂ ಹೊರಬಿಡದೆ ಶುದ್ಧೀಕರಿಸಿ ಮತ್ತೆ ಬಳಸುವ ವ್ಯವಸ್ಥೆ ಆ ಬಳಿಕವೇ ಗಟ್ಟಿಯಾಯಿತು. ನದಿ ಪೂರ್ತಿ ಚೊಕ್ಕಟವಾಯಿತೆನ್ನಲಾರೆ. ನಗರದ ಚರಂಡಿ ಇನ್ನೂ ಅದಕ್ಕೆ ಸೇರುತ್ತಿದೆ. ಆ ಆಜ್ಞೆಯಿಂದ ಕೆಲಸ ಕಳೆದುಕೊಂಡವರ ಸಂಕಟವನ್ನೂ ನಾನು ಮರೆತಿಲ್ಲ. ಬನಿಯನ್ನಿನಿಂದ, ಮಗ್ಗದಿಂದ ಅನ್ನ ಕಾಣುವ ಕನ್ನಡದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಆದರೆ ನಲ್ಲಿ ನಿಲ್ಲಿಸಿದ ಮಕ್ಕಳಿಂದ ಆ ನದಿಗೆ ಬಂದ ಲಾಭಕ್ಕಿಂತ ಅರ್ಜಿ ಹಾಕಿದ ರೈತರಿಂದ ಬಂದ ಲಾಭ ದೊಡ್ಡದೆಂಬುದನ್ನು ಒಪ್ಪಲೇಬೇಕು.

ಹಾಗಾದರೆ ಹುಡುಗಿಯ ಲೋಟ ವ್ಯರ್ಥವೇ? ಖಂಡಿತ ಅಲ್ಲ. ತನ್ನ ಲೋಟವನ್ನು ತಾನೇ ತಂದವಳಿಗೆ 'ನಿಮ್ಮ ಬಾಟಲಿ ಏಕೆ?' ಎಂದು ಕೇಳುವ ಅಧಿಕಾರ ಬರುತ್ತದೆ. ಹಿರಿಯರು ನಕ್ಕದ್ದು ಆ ಪ್ರಶ್ನೆಯ ಭಯದಿಂದಲೇ ಎಂದು ನನ್ನ ಗುಮಾನಿ.

ಆ ದಿನದ ನಮ್ಮ ಉತ್ಸವವನ್ನೇ ನೋಡಿ. ದ್ವಾರದಿಂದ ವೇದಿಕೆಯವರೆಗೆ ಫ್ಲೆಕ್ಸು. ಮರುದಿನ ಅದಕ್ಕೆ ಗತಿಯಿಲ್ಲ. ಶಿರುವಾಣಿ ನೀರಿನ ರುಚಿಯ ಬಗ್ಗೆ ಬಂಧುಬಳಗದವರಲ್ಲಿ ಜಂಬ ಕೊಚ್ಚಿಕೊಳ್ಳುವ ನಾವು ಅತಿಥಿಗಳಿಗೆ ಕೊಟ್ಟದ್ದು ಬಾಟಲಿಯ ನೀರು. ನೇಕಾರರ ಸಂತತಿಯೆಂದು ಹೆಮ್ಮೆಪಡುವವರು ಹೊದಿಸಿದ ಶಾಲು ನೈಲಾನಿನದು, ಅದೂ ಪ್ಲಾಸ್ಟಿಕ್ ಲಕೋಟೆಯೊಳಗೆ. ಇವುಗಳಲ್ಲಿ ಯಾವುದನ್ನೂ ಒಂಬತ್ತನೆಯ ತರಗತಿಯ ಹುಡುಗಿ ಖರೀದಿಸಲಿಲ್ಲ. ರಸೀದಿಗಳಿಗೆ ಸಹಿ ಹಾಕಿದವರು ನಾವು.

ಕಾರ್ಯಕಾರಿ ಸಮಿತಿಗೆ ಮೂರು ವಿಷಯ ಬರೆದುಕೊಟ್ಟಿದ್ದೇನೆ: ಬಟ್ಟೆಯ ಮೇಲೆ ಕೈಯಿಂದ ಬರೆಸಿದ ಫಲಕ, ಪಂಕ್ತಿಯಲ್ಲಿ ಕೊಡದ ನೀರು ಮತ್ತು ಸ್ಟೀಲ್ ಲೋಟ, ಸನ್ಮಾನಕ್ಕೆ ನಮ್ಮವರ ಮಗ್ಗದ ಹತ್ತಿಯ ಪಂಚೆ. ಲೋಟ ತೊಳೆಯಲು ಆಳು ಸಿಗುವುದಿಲ್ಲವೆಂಬ ಆಕ್ಷೇಪ ಆಗಲೇ ಬಂದಿದೆ. ಎಪ್ಪತ್ತು ದಾಟಿದ್ದರೂ ನನ್ನ ಕೈಗಳು ಗಟ್ಟಿಯಾಗಿವೆ. ಮೊದಲ ಪಂಕ್ತಿಯ ಲೋಟಗಳನ್ನು ನಾನು ತೊಳೆಯುತ್ತೇನೆ. ಆ ಹುಡುಗಿಗೆ ವೇದಿಕೆಯಲ್ಲಿ ಐದು ನಿಮಿಷ ಮಾತನಾಡಲು ಅವಕಾಶ ಕೊಡಬೇಕೆಂದೂ ಕೇಳಿದ್ದೇನೆ. ಸಮಯವಿಲ್ಲವೆಂದಾದರೆ ನನ್ನ ಭಾಷಣದಿಂದ ಕಳೆದುಕೊಳ್ಳಲಿ.