ಹಳೆಯ ಕಾರಿನ ಬಿಸಿಗಾಳಿ ಮತ್ತು ಹೊರಗಿನವರ ಉಸಿರು

ಹಳೆಯ ವಾಹನಗಳ ಬಗ್ಗೆ ಪರಿಸರಾಸಕ್ತರಲ್ಲಿ ಎರಡು ಅಭಿಪ್ರಾಯಗಳಿವೆ. ಹೊಗೆಯುಗುಳುವ ಹಳೆಯ ಯಂತ್ರಗಳೆಲ್ಲ ಗುಜರಿ ಸೇರಲಿ ಎನ್ನುವವರು ಒಂದು ಕಡೆ. ಐವತ್ತು ವರ್ಷ ಹಿಂದಿನ ಕಾರನ್ನು ದುರಸ್ತಿ ಮಾಡಿ ಓಡಿಸುವುದೇ ಬಳಸಿ ಬಿಸಾಡುವ ಸಂಸ್ಕೃತಿಗೆ ತಕ್ಕ ಉತ್ತರ ಎನ್ನುವವರು ಇನ್ನೊಂದು ಕಡೆ. ಈ ವಾದವನ್ನು ಒಂದು ನಿರ್ದಿಷ್ಟ ಬಿಡಿಭಾಗದ ಮಟ್ಟಕ್ಕೆ ಇಳಿಸಿ ನೋಡಿದಾಗ ಎರಡೂ ಪಕ್ಷಗಳ ಮಾತಿನಲ್ಲಿ ಎಷ್ಟು ಹುರುಳಿದೆಯೆಂಬುದು ಸ್ಪಷ್ಟವಾಗುತ್ತದೆ. ಜರ್ಮನಿಯ ಪೋರ್ಶೆ 911 ಕಾರಿನ ಹೀಟ್ ಎಕ್ಸ್‌ಚೇಂಜರ್, ಅಂದರೆ ಶಾಖ ವಿನಿಮಯಕ, ಅಂಥದೊಂದು ಬಿಡಿಭಾಗ.

1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಎಂಜಿನ್ ಹಿಂಭಾಗದಲ್ಲಿದೆ. 1998ರವರೆಗೂ ಅದನ್ನು ತಣಿಸುತ್ತಿದ್ದುದು ನೀರಲ್ಲ, ಗಾಳಿ. ಬಿಸಿನೀರೇ ಇಲ್ಲದ ಕಾರಿನಲ್ಲಿ ಚಳಿಗಾಲಕ್ಕೆ ಬಿಸಿ ಎಲ್ಲಿಂದ ಬರಬೇಕು? ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿದ್ದ ಉಪಾಯವೇ ಇಲ್ಲೂ ಬಂತು. ಎಂಜಿನ್ನಿನ ಎರಡೂ ಬದಿಗೆ ಮೂರು ಮೂರು ಸಿಲಿಂಡರುಗಳಿಂದ ಹೊರಡುವ ಹೊಗೆಕೊಳವೆಗಳ ಸುತ್ತ ತಗಡಿನ ಕವಚ ಹೊದಿಸಿ, ಎಂಜಿನ್ ಫ್ಯಾನಿನ ಗಾಳಿಯಲ್ಲಿ ಒಂದು ಪಾಲನ್ನು ಆ ಕವಚದೊಳಗೆ ಹಾಯಿಸಲಾಯಿತು. ಕಾದ ಕೊಳವೆಯನ್ನು ಸವರಿ ಬಂದ ಗಾಳಿ ಬಾಗಿಲ ಕೆಳಗಿನ ಟೊಳ್ಳು ತೊಲೆಗಳ ಮೂಲಕ ಕಾರಿನೊಳಗೆ ಸೇರುತ್ತದೆ. ಬೇಡವಾದಾಗ ಹೊರಕ್ಕೆ ಹೋಗುತ್ತದೆ. ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗ ಹೊಗೆಯೊಡನೆ ವ್ಯರ್ಥವಾಗುತ್ತದೆ. ಆ ವ್ಯರ್ಥದಲ್ಲಿ ಒಂದಿಷ್ಟನ್ನು ಮರಳಿ ದುಡಿಸಿಕೊಳ್ಳುವ ಈ ವ್ಯವಸ್ಥೆ ಸರಳವಾದುದು, ಮೆಚ್ಚತಕ್ಕದ್ದು.

ಆದರೆ ಉಸಿರಾಡುವ ಗಾಳಿಗೂ ವಿಷದ ಹೊಗೆಗೂ ನಡುವೆ ಇರುವುದು ಒಂದೇ ಒಂದು ತೆಳು ಲೋಹದ ಗೋಡೆ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಸಮೀಪದ ಪ್ರಯಾಣಗಳಲ್ಲಿ ಕೊಳವೆ ಪೂರ್ತಿ ಕಾಯುವ ಮೊದಲೇ ಎಂಜಿನ್ ನಿಂತರೆ ಆ ನೀರು ಒಳಗೇ ಉಳಿದು ಉಕ್ಕನ್ನು ತಿನ್ನುತ್ತದೆ. ಯೂರೋಪು, ಅಮೆರಿಕಗಳ ಶೀತಪ್ರದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಹೊರಗಿನಿಂದ ತಿನ್ನುತ್ತದೆ. ಕವಚ ನೋಡಲು ಗಟ್ಟಿಯಾಗಿರುವಾಗಲೇ ಒಳಗಿನ ಕೊಳವೆ ತೂತಾಗಿರಬಹುದು. ಆಗ ಒಳಬರುವ ಬಿಸಿಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಬೆರೆತಿರುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಆದುದರಿಂದ ಆಯ್ಕೆಯ ಮೊದಲ ಮಾನದಂಡ ಅಶ್ವಶಕ್ತಿಯಲ್ಲ, ಕೊಳವೆಯ ಅಖಂಡತೆ. ಹಳೆಯ ವಿನಿಮಯಕವನ್ನು ಕೊಳ್ಳುವವರು ಅದನ್ನು ಕಳಚಿ, ಬಾಯಿ ಮುಚ್ಚಿ, ಒತ್ತಡದ ಗಾಳಿ ತುಂಬಿ, ಸಾಬೂನು ನೀರು ಹಚ್ಚಿ ಪರೀಕ್ಷಿಸಬೇಕು. ಕವಚದ ಮೇಲೆ ಹೊಸ ಬಣ್ಣ ಬಳಿದಿದ್ದರೆ ಸಂಶಯ ಇನ್ನಷ್ಟು ಹೆಚ್ಚಬೇಕು. ಸ್ಟೇನ್‌ಲೆಸ್ ಸ್ಟೀಲಿನ ಹೊಸ ವಿನಿಮಯಕ ದುಬಾರಿ; ಶಾಖ ಹರಿಸುವುದರಲ್ಲಿ ಆ ಲೋಹ ಸಾದಾ ಉಕ್ಕಿಗಿಂತ ಹಿಂದೆ. ಆದರೂ ತುಕ್ಕು ಹಿಡಿದು ಮತ್ತೆ ಮತ್ತೆ ಬದಲಾಯಿಸಬೇಕಾದ ಅಗ್ಗದ ಭಾಗಕ್ಕಿಂತ ದಶಕಗಳ ಕಾಲ ಬಾಳುವ ಭಾಗವೇ ಭೂಮಿಗೂ ಜೇಬಿಗೂ ಲಾಭದಾಯಕ. ವಿನಿಮಯಕವನ್ನೇ ಕಿತ್ತು ಬರಿಯ ಕೊಳವೆ ಕೂರಿಸುವವರೂ ಇದ್ದಾರೆ. ಅವರು ಕೆಲವು ಕಿಲೋ ಭಾರ ಇಳಿಸಿದರೂ ಗಾಜಿನ ಮಂಜು ಕರಗಿಸುವ ಬಿಸಿಗಾಳಿಯನ್ನು ಕಳೆದುಕೊಳ್ಳುತ್ತಾರೆ. ರೇಸಿನ ಅಂಕಣದಲ್ಲಿ ಅದು ನಡೆದೀತು, ಜನರೋಡಾಡುವ ರಸ್ತೆಯಲ್ಲಿ ಸಲ್ಲದು.

ನಿಜವಾದ ತಕರಾರು ಇರುವುದು ಮಾರ್ಪಾಡಿನ ವಿಷಯದಲ್ಲಿ. 1974ರವರೆಗಿನ ಮಾದರಿಗಳಲ್ಲಿ ಎರಡೂ ಬದಿಯ ಹೊಗೆ ಬೇರೆ ಬೇರೆಯಾಗಿ ನೇರ ಸೈಲೆನ್ಸರಿಗೆ ಹೋಗುತ್ತಿತ್ತು. ಆನಂತರದ ವಿನ್ಯಾಸದಲ್ಲಿ ಒಂದು ಬದಿಯ ಹೊಗೆ ಎಂಜಿನ್ನಿನ ಕೆಳಗೆ ಹಾದು ಇನ್ನೊಂದು ಬದಿಯನ್ನು ಸೇರಿ ಒಂದೇ ದಾರಿಯಲ್ಲಿ ಹೊರಬೀಳುವಂತಾಯಿತು. ಹೊಸ ಕಾರುಗಳ ಒಡೆಯರು ಹಳೆಯ ಮಾದರಿಯ ವಿನಿಮಯಕ ಕೂರಿಸಲು ಹಂಬಲಿಸುವುದು ಇದೇ ಕಾರಣಕ್ಕೆ: ಹೊಗೆ ಸಲೀಸಾಗಿ ಹರಿದರೆ ಎಂಜಿನ್ನಿಗೆ ತುಸು ಹೆಚ್ಚು ಬಲ. ಅದಕ್ಕಾಗಿ ಸೈಲೆನ್ಸರ್, ಎಣ್ಣೆಯ ಕೊಳವೆ, ಬಿಸಿಗಾಳಿಯ ಕೊಳವೆಗಳನ್ನೂ ಬದಲಿಸಬೇಕಾಗುತ್ತದೆ.

ಈ ಹಂಬಲದ ಹಿಂದೆ ಒಂದು ಕಹಿ ಇತಿಹಾಸವೂ ಇದೆ. 1970ರಲ್ಲಿ ಅಮೆರಿಕ ಶುದ್ಧಗಾಳಿ ಕಾಯ್ದೆಯನ್ನು ಬಲಪಡಿಸಿತು. ಅದರ ಒತ್ತಡದಲ್ಲಿ 1975ರ ಕ್ಯಾಲಿಫೋರ್ನಿಯಾದ ಮಾದರಿಗೂ, 1977ರ ಹೊತ್ತಿಗೆ ಇಡೀ ಅಮೆರಿಕದ ಮಾದರಿಗಳಿಗೂ ವಿನಿಮಯಕದ ಜಾಗದಲ್ಲಿ ಥರ್ಮಲ್ ರಿಯಾಕ್ಟರ್ ಬಂತು. ಉರಿಯದೆ ಉಳಿದ ಇಂಧನವನ್ನು ಹೊಗೆಕೊಳವೆಯಲ್ಲೇ ಸುಡುವ ಕುಲುಮೆ ಅದು. ಮೆಗ್ನೀಸಿಯಂ ಕವಚದ 2.7 ಲೀಟರ್ ಎಂಜಿನ್ನಿಗೆ ಆ ಕಾವು ತಡೆಯಲಿಲ್ಲ. ಸಿಲಿಂಡರ್ ಹಿಡಿದಿಡುವ ಸ್ಟಡ್‌ಗಳು ಕಿತ್ತುಬಂದವು. ಒಡೆಯರು ರಿಯಾಕ್ಟರ್ ಕಿತ್ತೆಸೆದು ಹಳೆಯ ವಿನಿಮಯಕಗಳನ್ನು ಹುಡುಕಿಕೊಂಡು ಹೋದರು. ಅವರನ್ನು ಪರಿಸರದ್ರೋಹಿಗಳೆಂದು ಜರೆಯುವುದು ಅನ್ಯಾಯ. ಗಾಳಿಯನ್ನು ಶುದ್ಧಗೊಳಿಸುವ ನೆಪದಲ್ಲಿ ಇಡೀ ಎಂಜಿನ್ನನ್ನು ಗುಜರಿಗೆ ಕಳಿಸುವ ತಂತ್ರ ಪರಿಸರಸ್ನೇಹಿಯಲ್ಲ. ಅವಸರದ ಪರಿಹಾರಗಳು ಶುದ್ಧಗಾಳಿಯ ಬೇಡಿಕೆಗೇ ಶತ್ರುಗಳನ್ನು ಹುಟ್ಟಿಸುತ್ತವೆ ಎಂಬುದನ್ನು ಚಳವಳಿಗಳೂ ಮನಗಾಣಬೇಕು.

ಆದರೆ ಇದೇ ವಾದವನ್ನು ಮುಂದಿನ ಕಾರುಗಳಿಗೆ ಹಿಗ್ಗಿಸಲಾಗದು. 1978ರಿಂದ ಎಂಜಿನ್ ಕವಚ ಮರಳಿ ಅಲ್ಯೂಮಿನಿಯಮ್ಮಿನದಾಯಿತು. 1980ರ ಅಮೆರಿಕದ ಮಾದರಿಗಳಿಗೆ ಆಮ್ಲಜನಕ ಸಂವೇದಕದೊಡನೆ ತ್ರಿಮುಖಿ ಕೆಟಲಿಟಿಕ್ ಕನ್ವರ್ಟರ್ ಬಂತು. ಕಾರ್ಬನ್ ಮೊನಾಕ್ಸೈಡ್, ಉರಿಯದ ಹೈಡ್ರೋಕಾರ್ಬನ್, ಸಾರಜನಕದ ಆಕ್ಸೈಡ್ ಮೂರನ್ನೂ ತಗ್ಗಿಸುವ ಈ ಸಾಧನ ಎಂಜಿನ್ನಿಗೆ ಮಾರಕವಲ್ಲ. ಹಳೆಯ ಮಾದರಿಯ ವಿನಿಮಯಕ ಮತ್ತು ಸೈಲೆನ್ಸರ್ ಕೂರಿಸಿದರೆ ಸಾಮಾನ್ಯವಾಗಿ ಇದಕ್ಕೆ ಜಾಗವೇ ಉಳಿಯುವುದಿಲ್ಲ. ಇಲ್ಲಿ ಒಡೆಯನಿಗೆ ಸಿಗುವುದು ತುಸು ಬಲ, ಚೂರು ಇಂಪಾದ ಸದ್ದು. ಅದರ ಬೆಲೆ ತೆರುವವರು ಕಾರಿನ ಹಿಂದೆ ಸೈಕಲ್ ತುಳಿಯುವವರು, ರಸ್ತೆ ಬದಿಯಲ್ಲಿ ನಡೆಯುವ ಮಕ್ಕಳು.

ಕಾನೂನುಗಳು ದಿನಾಂಕದ ಗೆರೆ ಎಳೆಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದರ ಹಿಂದಿನ ಮಾದರಿಗಳಿಗೆ ಹೊಗೆ ತಪಾಸಣೆಯಿಲ್ಲ, 1976ರದಕ್ಕೆ ಇದೆ. ಮಾಲಿನ್ಯ ನಿಯಂತ್ರಣ ಸಾಧನ ಕೀಳಬಾರದೆಂಬ ನಿಷೇಧವನ್ನು ಅಮೆರಿಕ 1990ರ ತಿದ್ದುಪಡಿಯಲ್ಲಿ ಸ್ವಂತ ಕಾರಿನ ಒಡೆಯರಿಗೂ ವಿಸ್ತರಿಸಿತು. ಜರ್ಮನಿಯಲ್ಲಿ 30 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಕಾರಿಗೆ 1997ರಿಂದ ವಿಶೇಷ ನೋಂದಣಿಯಿದೆ. ನಗರಗಳ ಪರಿಸರ ವಲಯಗಳಿಗೂ ಅದು ನಿರ್ಬಂಧವಿಲ್ಲದೆ ಹೋಗಬಹುದು. ಭಾರತದ 2021ರ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ವಾಹನಗಳನ್ನು ನೋಂದಾಯಿಸಿಕೊಂಡೂ ದಿನನಿತ್ಯದ ಓಡಾಟಕ್ಕೆ ಬಳಸಬಾರದೆಂದಿದೆ. ಇವುಗಳಲ್ಲಿ ಕೊನೆಯದು ಹೆಚ್ಚು ವಿವೇಕಯುತ. ಹೊಗೆಯ ಪ್ರಮಾಣ ನಿರ್ಧಾರವಾಗುವುದು ಕಾರಿನ ವಯಸ್ಸಿನಿಂದ ಮಾತ್ರವಲ್ಲ, ಅದು ಓಡಿದ ದೂರದಿಂದಲೂ.

ಹಾಗಾದರೆ ಸರಿಯಾದ ಆಯ್ಕೆ ಯಾವುದು? ಕನ್ವರ್ಟರ್ ಇಲ್ಲದೆ ಹುಟ್ಟಿದ ಕಾರಿಗೆ ಸೋರದ, ಬಾಳಿಕೆಯ ವಿನಿಮಯಕ ಕೂರಿಸಿ ಅಪರೂಪಕ್ಕೆ ಓಡಿಸಲಿ. ರಿಯಾಕ್ಟರಿನ ಕಾರುಗಳಲ್ಲಿ ಅದನ್ನು ತೆಗೆದು ಕನ್ವರ್ಟರ್ ಇರಿಸಲು ಕಾನೂನು ಸಹ ದಾರಿ ಬಿಡಲಿ. ಕನ್ವರ್ಟರಿನೊಂದಿಗೆ ಹುಟ್ಟಿದ ಕಾರಿನಿಂದ ಅದನ್ನು ಯಾರೂ ಕೀಳದಿರಲಿ. ಹಳೆಯದನ್ನು ಕಾಪಾಡುವುದು ಒಳ್ಳೆಯ ಕೆಲಸ. ಆ ಕೆಲಸದ ಖರ್ಚನ್ನು ಕಾಪಾಡುವವನೇ ಭರಿಸಬೇಕು, ದಾರಿಹೋಕರ ಶ್ವಾಸಕೋಶಗಳಲ್ಲ.