ಸೋರುವ ಮಾಳಿಗೆ ಯಾರದು?



ನಿಮ್ಮಲ್ಲಿ ಹಲವರ ತಂದೆ, ಅಜ್ಜ, ಮಾವಂದಿರು ದುಡಿಮೆಗೆಂದು ಮುಂಬೈ ಕಂಡವರೇ. ಹಾಗಾಗಿ ಆ ನಗರದ ಒಂದು ಹಳೆಯ ಕಟ್ಟಡದ ಕಥೆ ನಿಮಗೆ ತೀರಾ ದೂರದ್ದೆನಿಸಲಾರದು.

ನನ್ನ ಖಾಲಾ ಮದುವೆಯಾಗಿ ಹೋದದ್ದು ಮಹಮ್ಮದ್ ಅಲಿ ರಸ್ತೆಯ ಬಳಿಯ ನಾಲ್ಕು ಮಹಡಿಯ ಕಟ್ಟಡಕ್ಕೆ. 1990ರ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯಿಂದ ಅಮ್ಮಿಯ ಜೊತೆ ರಾತ್ರಿ ಬಸ್ಸಿನಲ್ಲಿ ಹೋದ ನಾನು ಅದರ ಮುಂದೆ ಬೆರಗಾಗಿ ನಿಂತೆ. ಮೂಲೆಯಲ್ಲಿ ದುಂಡಗೆ ತಿರುಗಿದ ಬಾಲ್ಕನಿಗಳು, ಹಡಗಿನಲ್ಲಿರುವಂತಹ ಕಬ್ಬಿಣದ ಕಂಬಿಗಳು, ಕಿಟಕಿಗಳ ಮೇಲೆ ಹುಬ್ಬಿನಂತೆ ಚಾಚಿದ ಸಜ್ಜಾ, ಬಾಗಿಲ ಗ್ರಿಲ್ಲಿನಲ್ಲಿ ಉದಯ ಸೂರ್ಯನ ಕಿರಣಗಳು. ‘ಇದು ನಮ್ಮ ಜಹಾಜ್ ಬೇಟಿ’ ಎಂದು ಖಾಲಾ ನಗುತ್ತಿದ್ದರು.

ಈ ಶೈಲಿಗೆ ಆರ್ಟ್ ಡೆಕೊ ಎನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. 1925ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಲಂಕಾರ ಕಲೆಗಳ ಪ್ರದರ್ಶನದಿಂದ ಬಂದ ಹೆಸರು ಅದು. 1930 ಮತ್ತು 40ರ ದಶಕಗಳಲ್ಲಿ ಮುಂಬೈಯ ಮರೀನ್ ಡ್ರೈವ್, ಓವಲ್ ಮೈದಾನದ ಸುತ್ತ ಇಂತಹ ಕಾಂಕ್ರೀಟ್ ಕಟ್ಟಡಗಳು ಸಾಲುಸಾಲಾಗಿ ಎದ್ದವು. ಚಾಳಿನಲ್ಲಿ ಶೌಚಕ್ಕೆ ಸರತಿ ನಿಲ್ಲುತ್ತಿದ್ದ ಹೆಂಗಸರ ಪಾಲಿಗೆ ಮನೆಯೊಳಗೇ ಸ್ನಾನದ ಕೋಣೆ, ಶೌಚಾಲಯ ಇರುವ ಫ್ಲ್ಯಾಟು ದೊಡ್ಡ ಭಾಗ್ಯವೇ ಆಗಿತ್ತು. ಓವಲ್ ಮೈದಾನ, ಮರೀನ್ ಡ್ರೈವ್ ಭಾಗದ ಕಟ್ಟಡಗಳನ್ನು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳಗಿನ ಗಲ್ಲಿಗಳ ಕಟ್ಟಡಗಳಿಗೆ ಅಂತಹ ಅದೃಷ್ಟವಿರಲಿಲ್ಲ.

ಖಾಲಾರ ಮನೆಗೆ ತಿಂಗಳ ಬಾಡಿಗೆ ಎಷ್ಟಿತ್ತು ಗೊತ್ತೇ? 42 ರೂಪಾಯಿ! ಬಡ ಬಾಡಿಗೆದಾರರನ್ನು ಬೀದಿಗೆ ತಳ್ಳಬಾರದೆಂದು 1947ರಲ್ಲಿ ಬಂದ ಬಾಡಿಗೆ ಕಾಯಿದೆ, 1940ರ ಬಾಡಿಗೆಯನ್ನೇ ಆಧಾರವಾಗಿಟ್ಟಿತು. ಅದರ ಉದ್ದೇಶ ಒಳ್ಳೆಯದೇ. ಆದರೆ ಅಕ್ಕಿಯ ಬೆಲೆ, ಚಿನ್ನದ ಬೆಲೆ ಏರಿದರೂ ಬಾಡಿಗೆ ಅಲ್ಲೇ ನಿಂತಿತು. 2000ದಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ವರ್ಷಕ್ಕೆ ಶೇ. 4ರ ಏರಿಕೆಗೆ ಅವಕಾಶ ಕೊಟ್ಟಿತು. 42 ರೂಪಾಯಿಗೆ ಶೇ. 4 ಎಂದರೆ ಎರಡು ರೂಪಾಯಿಯೂ ಆಗದು.

ಕಟ್ಟಡದ ಮಾಲಕಿ ಒಬ್ಬ ವಿಧವೆ. ಹದಿನಾರು ಮನೆಗಳಿಂದ ಅವರ ಕೈ ಸೇರುತ್ತಿದ್ದದ್ದು ಏಳುನೂರು ರೂಪಾಯಿಗೂ ಕಡಿಮೆ. ಅದರಲ್ಲಿ ಅವರು ಏನು ರಿಪೇರಿ ಮಾಡಿಸಿಯಾರು? ಬಾಡಿಗೆದಾರರು, ‘ಮಾಲಕಿಯ ಕಟ್ಟಡಕ್ಕೆ ನಾವೇಕೆ ಹಣ ಹಾಕಬೇಕು?’ ಎಂದರು. ಅತ್ತ ಸಮುದ್ರದ ಉಪ್ಪು ಗಾಳಿ ತನ್ನ ಕೆಲಸ ಮಾಡುತ್ತಲೇ ಇತ್ತು. ಉಪ್ಪು ಮತ್ತು ತೇವ ಕಾಂಕ್ರೀಟಿನೊಳಗೆ ಇಳಿದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಗಾರೆಯನ್ನು ಒಡೆಯುತ್ತದೆ. ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಬೇರುಬಿಟ್ಟಿತು.

ಒಂದು ಮಳೆಗಾಲ ಮೇಲಿನ ಮಹಡಿಯವರು ಎಲ್ಲರ ಮನೆ ಬಾಗಿಲಿಗೆ ಬಂದು, ‘ಮಾಳಿಗೆ ಸೋರುತ್ತಿದೆ, ಎಲ್ಲರೂ ಸೇರಿ ಸರಿಪಡಿಸೋಣ’ ಎಂದು ಕೇಳಿಕೊಂಡರು. ಖಾಲೂ ಹೇಳಿದರು: ‘ನಮ್ಮ ಮನೆ ಸೋರುವುದಿಲ್ಲವಲ್ಲ!’ ಖಾಲಾ ಮೌನವಾಗಿದ್ದರು.

ಮೂರು ವರ್ಷ ಕಳೆದು ಫಜ್ರ್‌ಗೆ ಮುಂಚೆ ದುಂಡು ಬಾಲ್ಕನಿಯೊಂದು ಕುಸಿದು ಬಿತ್ತು. ಕೆಳಗೆ ಯಾರೂ ಇರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಹದಿನಾರು ಮನೆಯವರೂ ಖಾಲಿ ಮಾಡಬೇಕಾಯಿತು. ಕೆಲವರು ಮುಂಬ್ರಾಕ್ಕೆ, ಕೆಲವರು ಮೀರಾ ರೋಡಿಗೆ ಚದುರಿದರು. ರಮಝಾನಿನಲ್ಲಿ ಮೆಟ್ಟಿಲುಗಳ ಮೇಲೆ ಇಳಿದು ಹತ್ತುತ್ತಿದ್ದ ಇಫ್ತಾರಿನ ತಟ್ಟೆಗಳು ಅಲ್ಲಿಗೇ ನಿಂತವು.

ಮುಂಬ್ರಾದ ಹೊಸ ಮನೆಯಲ್ಲಿ ಖಾಲಾ ಒಮ್ಮೆ ನನ್ನ ಬಳಿ ಹೇಳಿದರು: ‘ನನ್ನ ಹತ್ತಿರ ಹೊಲಿಗೆಯ ಹಣ ಇತ್ತು, ಬೇಟಿ. ಕೊಡಬೇಕೆನಿಸಿತ್ತು. ಆದರೆ ನಾನು ಬಾಯಿ ಬಿಡಲಿಲ್ಲ. ಅದರ ಹಿಸಾಬು ನಾನೂ ಕೊಡಬೇಕಲ್ಲವೇ?’

ಸಹೋದರಿಯರೇ, ಸಹೀಹ್ ಬುಖಾರಿಯಲ್ಲಿ ಪ್ರವಾದಿವರ್ಯರು(ಸ) ನೀಡಿದ ಹಡಗಿನ ಉಪಮೆ ನಿಮಗೆ ನೆನಪಿರಬಹುದು. ಕೆಳಗಿನ ಅಂತಸ್ತಿನವರು ನೀರಿಗಾಗಿ ತಮ್ಮ ಪಾಲಿನಲ್ಲಿ ತೂತು ಕೊರೆಯಲು ಹೊರಟಾಗ ಮೇಲಿನವರು ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ, ತಡೆದರೆ ಎಲ್ಲರೂ ಪಾರಾಗುತ್ತಾರೆ. ನಾನು ಮದ್ರಸದ ಮಕ್ಕಳಿಗೆ ಈ ಹದೀಸ್ ಕಲಿಸುವಾಗಲೆಲ್ಲ ಖಾಲಾರ ಆ ಜಹಾಜ್ ಕಣ್ಣೆದುರು ನಿಲ್ಲುತ್ತದೆ. ಅಲ್ಲಿ ತೂತು ಮಾಳಿಗೆಯಲ್ಲಿತ್ತು. ಯಾರೂ ಅದನ್ನು ಕೊರೆದಿರಲಿಲ್ಲ. ಕಂಡೂ ಯಾರೂ ಮುಚ್ಚಲಿಲ್ಲ, ಅಷ್ಟೇ.

ಇಂದು ನಮ್ಮ ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನಲ್ಲೂ ನಮ್ಮಲ್ಲಿ ಅನೇಕರು ಫ್ಲ್ಯಾಟುಗಳಲ್ಲೇ ಇದ್ದೇವೆ. ನಿರ್ವಹಣೆಯ ಹಣ ಕೇಳಿಕೊಂಡು ಬಂದಾಗ, ‘ಲಿಫ್ಟು ನಮಗೆ ಬೇಡ, ಮಾಳಿಗೆ ನಮ್ಮದಲ್ಲ’ ಎನ್ನುವ ಮುನ್ನ ಒಂದು ಕ್ಷಣ ಯೋಚಿಸೋಣ. ಪಕ್ಕದ ಮನೆಗೆ ಬಿರಿಯಾನಿ ಕಳಿಸಿದರಷ್ಟೇ ನೆರೆಯವರ ಹಕ್ಕು ತೀರುವುದಿಲ್ಲ. ಅವರ ತಲೆಯ ಮೇಲಿನ ಸೂರೂ ಅದರಲ್ಲಿ ಸೇರಿದೆ. ಮನೆಯ ಗಂಡಸರು ಮರೆತಾಗ ನೆನಪಿಸಬೇಕಾದವರು ನಾವು. ಹೇಳಬೇಕಾದ ಸಮಯದಲ್ಲಿ ಹೇಳುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.